ಬಾಣಂತಿಗೆ ಬರುವ ಸಲಹೆಗಳು: ಪಾಲಿಸಬೇಕಾದುವು, ಪಾಲಿಸಬಾರದುವು

ಬೆಳ್ತಂಗಡಿ ತಾಲ್ಲೂಕಿನ ಮಡಂತ್ಯಾರು ಸುತ್ತಮುತ್ತಲಿನ ಗ್ರಾಮಗಳಲ್ಲಿ ಚೊಚ್ಚಲ ಬಾಣಂತನವನ್ನು ತವರಿನಲ್ಲಿ ನಡೆಸುವುದು ರೂಢಿ. ಮಗುವನ್ನು ನೋಡಲು ಬರುವ ಬಂಧುಗಳೂ ನೆರೆಹೊರೆಯವರೂ ಕೇಳದೆಯೇ ನೀಡುವ ಸಲಹೆಗಳಿಂದ ಯುವ ತಾಯಿಯು ಗೊಂದಲಕ್ಕೊಳಗಾಗುವುದುಂಟು.

ಬಾಣಂತಿಗೆ ವಿಶ್ರಾಂತಿ, ಬಿಸಿಯೂಟ, ಮಗುವನ್ನು ಬೆಚ್ಚಗಿಡುವುದು ಮುಂತಾದ ಹಿರಿಯರ ಮಾತುಗಳು ಹಿತಕರವಾದುವು. ಆದರೆ ಮಗುವಿನ ಬಾಯಿ, ಕಣ್ಣು ಮತ್ತು ಹೊಕ್ಕುಳಿಗೆ ಸಂಬಂಧಿಸಿದ ಸಲಹೆಗಳನ್ನು ವಿಚಾರಿಸದೆ ಪಾಲಿಸಬಾರದು.

* ಹಳದಿ ಬಣ್ಣದ ಮೊದಲ ಹಾಲು ರೋಗನಿರೋಧಕ. ಅದನ್ನು ಹಿಂಡಿ ಚೆಲ್ಲದೆ, ಹುಟ್ಟಿದ 1 ಗಂಟೆಯೊಳಗೆ ಉಣಿಸತಕ್ಕದ್ದು.
* 6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕು, ನೀರೂ ಬೇಡ.
* 1 ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು.
* ಕಣ್ಣಿಗೆ ಕಾಡಿಗೆ, ಹೊಕ್ಕುಳಿಗೆ ಎಣ್ಣೆ ಹಚ್ಚಬಾರದು.
* ಮಗು ಹಾಲು ಚೀಪದಿದ್ದರೆ, ಜ್ವರ ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡಬೇಕೆಂಬ ನಿಯಮವಿದೆ. ಆಗ ಮಗುವಿನ ಅಜ್ಜಿಯನ್ನೂ ಜೊತೆಗೆ ಕೂರಿಸಿಕೊಂಡು ಸಂದೇಹಗಳನ್ನು ಕೇಳುವುದು ಸೂಕ್ತ. ಇದರಿಂದ ಹಿರಿಯರ ಮನಸ್ಸೂ ನೋಯದು, ಮಗುವಿನ ಆರೋಗ್ಯಕ್ಕೂ ಧಕ್ಕೆಯಾಗದು.