ಮೂವತ್ತು ಸೆಕೆಂಡಿಗೂ ಸ್ಟೋರಿಬೋರ್ಡ್ ಬೇಕೆ?

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟ್‌ಗೆ ಪುನರ್ಪುಳಿ ಶರಬತ್ತಿನ 30 ಸೆಕೆಂಡಿನ ಜಾಹೀರಾತು ಮಾಡುತ್ತಿದ್ದೇವೆ. ಸ್ಟೋರಿಬೋರ್ಡ್ ಬರೆಯಲೇಬೇಕೆ?

ಉತ್ತರ: ಬರೆಯಲೇಬೇಕು. 1930ರ ದಶಕದಲ್ಲಿ ಡಿಸ್ನಿ ಸ್ಟುಡಿಯೋದವರು ದೃಶ್ಯಗಳ ಚಿತ್ರಗಳನ್ನು ಸಾಲಾಗಿ ಹಲಗೆಗೆ ಪಿನ್ನು ಮಾಡಿ ಕಥೆ ತಿದ್ದಿಕೊಳ್ಳುತ್ತಿದ್ದರು; ಸ್ಟೋರಿಬೋರ್ಡ್ ಎಂದರೆ ಅದೇ. ಕಾಗದದ ಮೇಲೆ ತಿದ್ದುವುದಕ್ಕೆ ಖರ್ಚಿಲ್ಲ, ಶೂಟಿಂಗ್ ದಿನ ತಿದ್ದಿದರೆ ಬಿಸಿಲೇ ಕೈಕೊಡುತ್ತದೆ.

ಹೇಳಬೇಕಾದ್ದನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ ಎಂಟು-ಹತ್ತು ಚೌಕ ಸಾಕು. ಗೀಟಿನ ಗೊಂಬೆಗಳಾದರೂ ನಡೆಯುತ್ತದೆ. ಪ್ರತಿ ಚೌಕದ ಕೆಳಗೆ ಎಷ್ಟು ಸೆಕೆಂಡು, ಕ್ಯಾಮೆರಾ ಎಲ್ಲಿ, ಸದ್ದೇನು ಎಂದು ನಮೂದಿಸಿ. ಲೋಟಕ್ಕೆ ಸುರಿಯುವ ಶಾಟ್‌ಗೆ ಮಾತ್ರ ಜಿಪುಣತನ ಬೇಡ. ಬೆಳಕು ಲೋಟದ ಹಿಂದಿನಿಂದ ಬಂದರೆ ಪುನರ್ಪುಳಿಯ ಆ ಚೆಂದದ ಕೆಂಪು ಹೊಳೆಯುತ್ತದೆ. ನೀರು ಬೆರೆಸಿದ ಗ್ಲಿಸರಿನ್ ಅನ್ನು ಲೋಟದ ಹೊರಮೈಗೆ ಚಿಮುಕಿಸಿ, ಹನಿಗಳು ಬೇಗ ಆರದೆ ನಿಲ್ಲುತ್ತವೆ. ಕೊನೆಯ 3 ಸೆಕೆಂಡು ಬಾಟಲಿಗೂ ಹೆಸರಿಗೂ ಮೀಸಲು.