‘ವನ್ಸ್ ಮೋರ್’ ಎಂಬ ಹಸಿವು

ಕಂಪನಿ ನಾಟಕಗಳ ಕಾಲದಲ್ಲಿ ಪ್ರೇಕ್ಷಕನ ಕೈಯಲ್ಲಿ ಒಂದು ದೊಡ್ಡ ಅಧಿಕಾರವಿತ್ತು. ರಂಗಗೀತೆಯೊಂದು ಮನಸ್ಸಿಗೆ ಹಿಡಿಸಿತೆಂದರೆ ಆತ ಕುಳಿತಲ್ಲಿಂದಲೇ ‘ವನ್ಸ್ ಮೋರ್’ ಎಂದು ಕೂಗುತ್ತಿದ್ದ. ನಟ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಿದ್ದ. ರಂಗದ ಮೇಲೆ ಸತ್ತು ಬಿದ್ದ ಪಾತ್ರ ಎದ್ದು ಕುಳಿತು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯುತ್ತಿತ್ತೆಂದು ಹಳಬರು ನಗುತ್ತ ಹೇಳುವುದುಂಟು. ಓದಿಕೊಂಡವರಿಗೆ ಇದು ಆಭಾಸವಾಗಿ ಕಂಡೀತು. ಆದರೆ ಆ ಪ್ರೇಕ್ಷಕನಿಗೆ ಕಥೆ ಮೊದಲೇ ಗೊತ್ತಿತ್ತಲ್ಲ! ಹರಿಶ್ಚಂದ್ರನಿಗೆ ಕೊನೆಯಲ್ಲಿ ರಾಜ್ಯ ಮರಳಿ ಸಿಗುತ್ತದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಯಾರೂ ಟಿಕೆಟ್ಟು ಕೊಳ್ಳುತ್ತಿರಲಿಲ್ಲ.

ಎರಡನೆಯ ಸಲ ಹಾಡಿದ್ದು ಮೊದಲಿನದರ ನಕಲಾಗಿರುತ್ತಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಮೈಕು ಇಲ್ಲದ ಕಾಲ. ಕೊನೆಯ ಸಾಲಿನವನಿಗೂ ಕೇಳಬೇಕೆಂದು ಏರು ಶ್ರುತಿಯಲ್ಲಿ ಹಾಡಬೇಕು. ಒಮ್ಮೆ ಹಾಡಿದ ಗಂಟಲು ಬಿಸಿಯಾಗಿರುತ್ತದೆ, ಮುಂದೆ ಕುಳಿತವರು ಮೆಚ್ಚಿದ್ದಾರೆಂಬ ಧೈರ್ಯ ಬಂದಿರುತ್ತದೆ. ಮೊದಲ ಸಲ ಹಿಂಜರಿದಿದ್ದ ತಾನು ಈಗ ಸಲೀಸಾಗಿ ಬೀಳುತ್ತದೆ. ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿದ್ದ ಮಲ್ಲಿಕಾರ್ಜುನ ಮನ್ಸೂರರಂಥವರು (1910–1992) ಜನರೆದುರು ಹಾಡುವುದನ್ನು ಕಲಿತದ್ದು ಇಂಥ ಗರಡಿಯಲ್ಲಿ. ಕರ್ನಾಟಕ ಸಂಗೀತದ ಕಚೇರಿಯ ಕೊನೆಗೆ ವೇದಿಕೆಗೆ ಹೋಗುವ ಕೋರಿಕೆಯ ಚೀಟಿಯೂ ಒಂದು ರೀತಿಯಲ್ಲಿ ಸಭ್ಯಗೊಂಡ ‘ವನ್ಸ್ ಮೋರ್’ ತಾನೆ? ಗೊತ್ತಿದ್ದ ಹಾಡನ್ನೇ ಕೇಳುವುದು. ಆದರೆ ಇವತ್ತು, ಇವರ ಬಾಯಲ್ಲಿ.

ಸಿನಿಮಾ ಬಂದು ಈ ಅಧಿಕಾರವನ್ನು ಕಿತ್ತುಕೊಂಡಿತು. 1934ರಲ್ಲಿ ‘ಸತಿ ಸುಲೋಚನ’ ಬಂದಾಗ ಕನ್ನಡದ ತೆರೆಗೆ ಮಾತು ಬಂತು. ರಂಗಭೂಮಿಯಿಂದ ಬಂದ ನಟರೇ ಮಾತಾಡಿದರು, ತಾವೇ ಹಾಡಿದರು. ಮರುವರ್ಷ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು ‘ಧೂಪ್ ಛಾಂವ್’ ಚಿತ್ರದಲ್ಲಿ ಹಿನ್ನೆಲೆ ಗಾಯನದ ಪದ್ಧತಿ ತಂದರು. ಹಾಡುವ ಬಾಯಿ ಒಂದು, ಕಾಣುವ ಮುಖ ಮತ್ತೊಂದು ಎಂದಾಯಿತು. ತೆರೆಯ ಮೇಲಿನ ನಟನನ್ನು ಎಷ್ಟು ಕೂಗಿ ಕರೆದರೂ ಅವನು ಹಿಂತಿರುಗಿ ನೋಡುವುದಿಲ್ಲ. ಉಳಿದ ದಾರಿ ಒಂದೇ: ನಾಳೆ ಮತ್ತೆ ಟಿಕೆಟ್ಟು ಕೊಂಡು ಬರುವುದು.

ಹಾಗೆ ಬಂದವರ ಲೆಕ್ಕ ಬೇಕಿದ್ದರೆ ‘ಬಂಗಾರದ ಮನುಷ್ಯ’ವನ್ನು ನೆನೆಯಬೇಕು. ಟಿ.ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ಈ ಚಿತ್ರ 1972ರಲ್ಲಿ ತೆರೆಕಂಡು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಹೊಸಬರೇ ಬಂದು ಒಂದು ಚಿತ್ರವನ್ನು ಅಷ್ಟು ಕಾಲ ಓಡಿಸಲಾರರು, ನೋಡಿದವರೇ ನೋಡಿರಬೇಕು. ಏತಕ್ಕೆ? ಮೊದಲ ಸಲ ನೋಡುವಾಗ ಮುಂದೇನು ಎಂಬ ಕಾತರ ಇರುತ್ತದೆ. ಎರಡನೆಯ ಸಲವಾದರೋ, ಮುಂದೊಂದು ದಿನ ಈ ರಾಜೀವಪ್ಪ ಅಕ್ಕನ ಮಗನ ಚುಚ್ಚುಮಾತಿಗೆ ನೊಂದು ಊಟದ ನಡುವೆಯೇ ಎದ್ದು ಊರು ಬಿಟ್ಟು ಹೋಗುತ್ತಾನೆಂದು ಗೊತ್ತಿದ್ದೇ, ಅವನು ಬಂಡೆ ಒಡೆದು ಬರಡು ನೆಲ ಹಸನು ಮಾಡುವುದನ್ನು ನೋಡುತ್ತೇವೆ. ಆ ಸುತ್ತಿಗೆಯ ಪೆಟ್ಟಿಗೆ ಆಗ ಬೇರೆಯೇ ಭಾರ. ಇಪ್ಪತ್ತರ ವಯಸ್ಸಿನಲ್ಲಿ ಈ ಚಿತ್ರ ನೋಡಿದವನಿಗೆ ಬಂಡೆ ಒಡೆಯುವುದು ದೊಡ್ಡದು; ಮಕ್ಕಳು ಆಸ್ತಿಯ ಮಾತೆತ್ತುವ ವಯಸ್ಸಿನಲ್ಲಿ ನೋಡಿದವನಿಗೆ ಆ ಊಟದ ಮನೆ ದೊಡ್ಡದು. ರೀಲು ಅದೇ, ನೋಡುವವನು ಅವನಲ್ಲ. ಕಚೇರಿಯಲ್ಲಿ ಹಾಡುವವರು ಹೊಸಬರಾಗುತ್ತಾರೆ, ಚಿತ್ರಮಂದಿರದಲ್ಲಿ ಕುಳಿತವರು ಹೊಸಬರಾಗುತ್ತಾರೆ ಎಂದು ನನಗೆ ಅನ್ನಿಸುತ್ತದೆ.

ಇವೆರಡರ ನಡುವೆ ಸಿಕ್ಕಿಕೊಂಡದ್ದು ಗ್ರಾಮಫೋನ್ ತಟ್ಟೆ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಮುದ್ರಿಸಿದಾಗ ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಮೂರು ನಿಮಿಷದ ಆಸುಪಾಸಿಗೆ ಹಿಡಿಸಬೇಕಾಯಿತು. (ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.) ಆದರೆ ಆ ಮೂರು ನಿಮಿಷ ಎಂಥ ಕೆಲಸ ಮಾಡಬಲ್ಲದು ನೋಡಿ. ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆಯೊಂದನ್ನು ಕೇಳಿ ಗದಗಿನ ಹುಡುಗನೊಬ್ಬ ಗುರುವನ್ನು ಹುಡುಕುತ್ತ ಹನ್ನೊಂದನೆಯ ವಯಸ್ಸಿಗೇ ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಖಾನರ ಶಿಷ್ಯ ಸವಾಯಿ ಗಂಧರ್ವರ ಪಾದ ಸೇರಿದ. ಅವರೇ ಭೀಮಸೇನ ಜೋಶಿ (1922–2011). ಹಾಡಿದ ರಾಗಗಳನ್ನೇ ಹಾಡುತ್ತಾರೆಂದು ಅವರನ್ನು ಮುಂದೆ ಆಡಿಕೊಂಡವರಿದ್ದಾರೆ. ಆಡಿಕೊಂಡವರೂ ಮುಂದಿನ ಕಚೇರಿಗೆ ಹೋಗಿ ಕೂರುತ್ತಿದ್ದರೆನ್ನಿ.

ತಟ್ಟೆಯಿಂದ ಆದ ಅಪಕಾರವೂ ಇದೆ. ಗಂಗೂಬಾಯಿ ಹಾನಗಲ್ಲರು ತರುಣಿಯಾಗಿದ್ದಾಗ ಮುದ್ರಿಸಿದ ತಟ್ಟೆಗಳಲ್ಲಿ ದನಿ ಎಳೆಯದು, ತೆಳುವು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅದು ಗಂಡುದನಿಯಂತೆ ಗಡುಸಾಯಿತು. ಹಳೆಯ ತಟ್ಟೆಯನ್ನೇ ಕಿವಿಯಲ್ಲಿಟ್ಟುಕೊಂಡು ಬಂದವನು ಎದುರಿಗಿದ್ದ ಗಂಗೂಬಾಯಿಯವರನ್ನು ಕಳೆದುಕೊಳ್ಳುತ್ತಿದ್ದ. ಕ್ಯಾಸೆಟ್ಟು ಬಂದ ಮೇಲಂತೂ ಈ ರೋಗ ಮನೆಮನೆಗೆ ಹಬ್ಬಿತು. ರಸಮಂಜರಿಗಳಲ್ಲಿ ಗಾಯಕ ಒಂದು ಸ್ವರ ಅತ್ತಿತ್ತ ಸರಿಸಿದರೆ, ‘ಕ್ಯಾಸೆಟ್ಟಿನಲ್ಲಿ ಹೀಗಿಲ್ಲ’ ಎಂಬ ಆಕ್ಷೇಪಣೆ! ಇದರ ಫಲವನ್ನು ಈಗ ಉಣ್ಣುತ್ತಿದ್ದೇವೆ. ಮುದ್ರಿಸಿಟ್ಟ ಹಾಡನ್ನು ಹಾಕಿ, ಮೈಕು ಹಿಡಿದು ತುಟಿಯಾಡಿಸುವವರಿದ್ದಾರೆ. ಬೈಯುವುದು ಸುಲಭ. ತಪ್ಪೇ ಇಲ್ಲದ ಹಾಡು ಬೇಕೆಂದು ಹಟ ಹಿಡಿದವರು ನಾವೇ ಅಲ್ಲವೇ? ಉಸಿರು ಎಳೆದುಕೊಳ್ಳುವ ಸದ್ದು, ಮೃದಂಗದವರ ಕಡೆಗೊಂದು ನಗೆ, ಶ್ರುತಿ ತಪ್ಪಿ ಮರುಕ್ಷಣದಲ್ಲಿ ಸೇರಿಕೊಳ್ಳುವುದು — ನಾನು ಟಿಕೆಟ್ಟಿಗೆ ಹಣ ಕೊಡುವುದು ಇವಕ್ಕೇ.

ರಾಜಕುಮಾರ್ ಈ ಎರಡೂ ಲೋಕಗಳಲ್ಲಿ ಓಡಾಡಿದವರು. ಗುಬ್ಬಿ ಕಂಪನಿಯಲ್ಲಿ ಹಾಡಿ ಪಳಗಿದ ಕಂಠ ಅವರದು. ಆದರೂ ಚಿತ್ರರಂಗದಲ್ಲಿ ಬಹುಕಾಲ ಪಿ.ಬಿ. ಶ್ರೀನಿವಾಸರ ದನಿಗೇ ಅವರು ತುಟಿಯಾಡಿಸಿದರು. ಅದೂ ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ ಯಾರಿಗೂ ದೂರಿರಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡನ್ನು ಜಿ.ಕೆ. ವೆಂಕಟೇಶರ ಸಂಗೀತದಲ್ಲಿ ತಾವೇ ಹಾಡಿದ ಮೇಲೆ ಮುಖ, ಕಂಠ ಒಂದಾದವು. ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ಗಾಯಕರೆಂದೇ ರಾಷ್ಟ್ರಪ್ರಶಸ್ತಿ ಬಂತು. ಸಹಾಯಾರ್ಥ ರಸಮಂಜರಿಗಳಲ್ಲಿ ಅವರು ಹಾಡಲು ನಿಂತಾಗ, ತೆರೆಯ ಮೇಲೆ ಹತ್ತಾರು ಸಲ ನೋಡಿದ ಮುಖವನ್ನು ‘ವನ್ಸ್ ಮೋರ್’ ಎಂದು ಕರೆಯುವ ಅವಕಾಶ ಜನರಿಗೆ ಮರಳಿ ಸಿಕ್ಕಿತು.

ಮತ್ತೆ ನೋಡುವ ಆಸೆಯನ್ನು ಉದ್ಯಮವೂ ಬಿಡಲಿಲ್ಲ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ಬಳಿದು 2008ರಲ್ಲಿ ಬಿಡುಗಡೆ ಮಾಡಿದರು, 1971ರ ‘ಕಸ್ತೂರಿ ನಿವಾಸ’ಕ್ಕೆ ಆ ಯೋಗ 2014ರಲ್ಲಿ ಬಂತು. ಹೊಸ ಪೀಳಿಗೆ ನೋಡಲೆಂಬ ಉದ್ದೇಶ ಒಳ್ಳೆಯದೇ. ನನ್ನ ತಕರಾರು ಇಷ್ಟೇ: ಬದಲಾಗದೆ ನಿಂತಿರುವುದೇ ಹಳೆಯ ಚಿತ್ರದ ಉಪಕಾರ. ಹಾಡುಗಾರ ಪ್ರತಿ ಸಲ ಬದಲಾಗಲಿ, ಅದು ಅವನ ಧರ್ಮ. ‘ಕಸ್ತೂರಿ ನಿವಾಸ’ದಲ್ಲಿ ಎಲ್ಲವನ್ನೂ ಕೊಟ್ಟು ಬರಿಗೈಯಾದ ಮನುಷ್ಯನ ಕೋಟಿನ ಬಣ್ಣ ಯಾವುದೆಂಬ ಪ್ರಶ್ನೆ ಕಪ್ಪು ಬಿಳುಪಿನಲ್ಲಿ ನನಗೆ ಎಂದೂ ಹುಟ್ಟಿರಲಿಲ್ಲ.