ಬಂದು ಮರೆಯಾಗುವ ದೋಷ

ಸದಾ ತೋರುವ ದೋಷವನ್ನು ಗುರುತಿಸುವುದು ಸುಲಭ; ಬಂದು ಮರೆಯಾಗುವ ದೋಷವೇ ಕಠಿಣ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರೊಂದು ಮಾಗಡಿಯಿಂದ ಸಾವನದುರ್ಗದತ್ತ ಸಾಗುತ್ತಿದೆಯೆಂದು ಭಾವಿಸೋಣ. ಏರಿನಲ್ಲಿ ಎಂಜಿನ್ನಿನ ವೇಗ ಹೆಚ್ಚಿದರೂ ಕಾರಿನ ವೇಗ ಹೆಚ್ಚದಿದ್ದರೆ ಕ್ಲಚ್ಚು ಜಾರುತ್ತಿರಬಹುದು. ಇಳಿಜಾರಿನಲ್ಲಿ ಗೇರು ತಾನಾಗಿ ಕಳಚಿಕೊಂಡರೆ ಅದನ್ನು ಹಿಡಿದಿಡುವ ಸ್ಪ್ರಿಂಗು ದುರ್ಬಲವಾಗಿರಬಹುದು. ಆಗ ಎಂಜಿನ್ನಿನ ತಡೆ ತಪ್ಪಿ, ಕಾರನ್ನು ತಡೆಯುವ ಹೊಣೆಯೆಲ್ಲ ಬ್ರೇಕಿನ ಮೇಲೆ ಬೀಳುವುದರಿಂದ ಅಪಾಯವುಂಟು. ಸಮತಟ್ಟಾದ ರಸ್ತೆಯಲ್ಲಿ ಇವೆರಡೂ ಕಾಣಿಸದಿರಬಹುದು.

ಆದುದರಿಂದ ಜಾಣ ಮೆಕ್ಯಾನಿಕನು ಒಡನೆಯೇ ಗೇರುಪೆಟ್ಟಿಗೆಯನ್ನು ಬಿಚ್ಚುವುದಿಲ್ಲ. ದೋಷವು ಯಾವ ಗೇರಿನಲ್ಲಿ, ಏರಿನಲ್ಲೋ ಇಳಿಜಾರಿನಲ್ಲೋ, ಎಂಜಿನ್ನು ಬಿಸಿಯಾದ ಮೇಲೋ ಎಂದು ವಿಚಾರಿಸುತ್ತಾನೆ. ಅದೇ ಸನ್ನಿವೇಶದಲ್ಲಿ ತಾನೇ ಓಡಿಸಿ ನೋಡುತ್ತಾನೆ. ಗೇರೆಣ್ಣೆಯ ಮಟ್ಟವನ್ನೂ ಕ್ಲಚ್ ಪೆಡಲಿನ ಸಡಿಲವನ್ನೂ ಪರೀಕ್ಷಿಸುತ್ತಾನೆ. ಒಮ್ಮೆಗೆ ಒಂದನ್ನೇ ಸರಿಪಡಿಸಿದರೆ ಮಾತ್ರ ನಿಜವಾದ ಕಾರಣವು ತಿಳಿಯುತ್ತದೆ.